ತೊಗಲಿನ ಕಸುಬು ಮತ್ತು ಅನುವಾದದ ತೊಡಕು

1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಕೆಲಸದ ಬಗ್ಗೆ ಗ್ರಂಥಗಳೇ ಬಂದಿದ್ದರೂ ಅದೇ ದೇವರಿಗೆ ಸೇರಿದ ತೊಗಲಿನ ಕೆಲಸವೊಂದರ ಕಡೆಗೆ ಗಮನ ಹರಿದದ್ದು ಕಡಿಮೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿರುವ ಐತಿಹ್ಯದ ಪ್ರಕಾರ, ವಿಷ್ಣುವರ್ಧನನು ಕೇಶವನ ಮೂರ್ತಿಯನ್ನು ಬಾಬಾಬುಡನ್ ಗಿರಿಯಿಂದ ತಂದಾಗ ದೇವಿಯನ್ನು ಅಲ್ಲಿಯೇ ಬಿಟ್ಟುಬಂದದ್ದರಿಂದ ದೇವರು ಆಗಾಗ ಬೆಟ್ಟಕ್ಕೆ ಹೋಗಿಬರಬೇಕಾಗುತ್ತದೆ. ಹಾಗೆ ನಡೆದು ಸವೆದ ಪಾದರಕ್ಷೆಗಳ ಬದಲಿಗೆ ಹೊಸ ಜೋಡಿಯನ್ನು ಮಾಡಿಕೊಡುವ ಹೊಣೆ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರದು. ಸವೆದ ಸಂಗತಿ ಅವರಿಗೆ ಕನಸಿನಲ್ಲಿ ತಿಳಿಯುತ್ತದೆಂದೂ, ಹೊಸದನ್ನು ಒಪ್ಪಿಸಲು ಬಂದಾಗ ಅವರಿಗೆ ದೇವಾಲಯದ ಪ್ರಾಂಗಣಕ್ಕೆ ಪ್ರವೇಶವಿತ್ತೆಂದೂ ಅದೇ ದಾಖಲೆ ಹೇಳುತ್ತದೆ.

ರೈಸ್ ಈ ಪಾದರಕ್ಷೆಗೆ ‘ಸ್ಲಿಪರ್’ ಎಂದೂ ಅದನ್ನು ಮಾಡುವವರಿಗೆ ‘ಚಕ್ಲರ್’ ಎಂದೂ ಬರೆದರು. ಇಂಗ್ಲಿಷಿನಲ್ಲಿ ಸ್ಲಿಪರ್ ಎಂದರೆ ಮುಖ್ಯವಾಗಿ ಮನೆಯೊಳಗೆ ಕಾಲು ತೂರಿಸಿಕೊಂಡು ಓಡಾಡುವ ಹಗುರವಾದ ಪಾದರಕ್ಷೆ. ಬೆಟ್ಟ ಹತ್ತುವ ದೇವರಿಗೆ ಅದು ಒದಗುವುದು ಅನುಮಾನ. ಚಕ್ಲರ್ ಎಂಬುದು ದಕ್ಷಿಣದ ಸಮುದಾಯವೊಂದರ ಹೆಸರು ಆಂಗ್ಲೋ-ಇಂಡಿಯನ್ ಬಾಯಲ್ಲಿ ಪಡೆದ ರೂಪ, ಮತ್ತು ಆ ಬಳಕೆಯಲ್ಲಿ ಮಾದಿಗ, ಸಮಗಾರ ಮೊದಲಾದ ಬೇರೆಬೇರೆ ಸಮುದಾಯಗಳೆಲ್ಲ ಒಂದೇ ಆಗಿಬಿಟ್ಟವು. ಕನ್ನಡದಲ್ಲಾದರೋ ಈ ವಸ್ತುವಿಗೆ ಹೆಸರುಗಳ ಬಡತನವಿಲ್ಲ. ಪಾದುಕೆ ಎಂಬ ಸಂಸ್ಕೃತ ಶಬ್ದ ಅದು ಮರದ್ದೋ ತೊಗಲಿನದೋ ಎಂದು ಹೇಳದಿದ್ದರೆ, ಹಾವುಗೆ ಎಂಬುದು ಸಾಮಾನ್ಯವಾಗಿ ಮರದ್ದನ್ನು ನೆನಪಿಗೆ ತರುತ್ತದೆ. ಅದಕ್ಕೆ ಚರ್ಮ ಸೇರಿದಾಗ ಚಮ್ಮಾವುಗೆ. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಮಾಡಿದರೆಂಬ ಕಥೆಯಲ್ಲಿ ಬರುವುದು ಈ ಮಾತೇ. ಕೆರ, ಮೆಟ್ಟು, ಎಕ್ಕಡ ಎಂಬುವು ದಿನಬಳಕೆಯವು, ಬೈಗುಳಕ್ಕೂ ಒದಗುವಂಥವು. ದೇವರ ಕಾಲಿಗೆ ಅವನ್ನು ಯಾರೂ ಬಳಸರು. ವಸ್ತು ಯಾವುದೆಂಬುದರ ಜೊತೆಗೆ ಅದು ಯಾರ ಕಾಲಿನದು ಎಂಬುದನ್ನೂ ಕನ್ನಡ ಗುರುತಿಸುತ್ತದೆ, ಇಂಗ್ಲಿಷಿನ ಒಂದೇ ಪದ ಇದೆಲ್ಲವನ್ನೂ ಒರೆಸಿಹಾಕುತ್ತದೆ.

ಈ ತೊಡಕು ಬೇಲೂರಿಗೆ ಮಾತ್ರ ಸೇರಿದ್ದಲ್ಲ. ಚರ್ಮದ ಐಷಾರಾಮಿ ಸರಕಿನ ಲೋಕವನ್ನು ಆಳುವ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ತರುವವರೂ ಇದನ್ನೇ ಎದುರಿಸುತ್ತಾರೆ. ತೊಗಲಿನ ಕೂದಲಿದ್ದ ಮಗ್ಗುಲಿಗೆ ಫ್ರೆಂಚರು ‘ಫ್ಲೂರ್’, ಅಂದರೆ ಹೂವು, ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಗ್ರೇನ್’. ದಪ್ಪ ತೊಗಲನ್ನು ಪದರವಾಗಿ ಸೀಳಿದಾಗ ಕೆಳಗೆ ಉಳಿಯುವ, ಮೇಲ್ಮೈಯ ಬಿಗಿ ಇಲ್ಲದ ಅಗ್ಗದ ಪದರಕ್ಕೆ ‘ಕ್ರೂತ್’ ಎಂದು ಹೆಸರು. ಧ್ವನಿಸಾಮ್ಯವನ್ನು ನಂಬಿ ಇದನ್ನು ‘ಕ್ರಸ್ಟ್’ ಎಂದು ಬರೆದರೆ ಅನುವಾದಕ ಸಿಕ್ಕಿಬಿದ್ದಂತೆಯೇ, ಏಕೆಂದರೆ ಇಂಗ್ಲಿಷ್ ವ್ಯಾಪಾರಿಗಳಿಗೆ ಕ್ರಸ್ಟ್ ಎಂದರೆ ಹದಗೊಂಡು ಒಣಗಿದ, ಇನ್ನೂ ಅಂತಿಮ ಮೆರುಗು ಕಾಣದ ತೊಗಲು. ಸರಿಯಾದ ಮಾತು ‘ಸ್ಪ್ಲಿಟ್’. ಇದು ಕೇವಲ ಶಬ್ದದ ತಪ್ಪಾಗಿ ಉಳಿಯುವುದಿಲ್ಲ. ಕೊಂಡವನು ಕೇಳಿದ್ದೊಂದು, ಕೈಗೆ ಬಂದದ್ದು ಇನ್ನೊಂದು ಆಗುತ್ತದೆ.

‘ಪ್ವಾಂ ಸೆಲಿಯೆ’ ಎಂಬುದು ಜೀನುಗಾರರ ಹೊಲಿಗೆ. ಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲೂ ಎರಡು ಸೂಜಿಗಳನ್ನು ಎದುರುಬದುರಾಗಿ ಹಾಯಿಸುವುದರಿಂದ ಒಂದು ಹೊಲಿಗೆ ಕಡಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಇದು ‘ಸ್ಯಾಡಲ್ ಸ್ಟಿಚ್’. ಆದರೆ ಅಚ್ಚುಕೂಟದಲ್ಲಿ ಅದೇ ಹೆಸರು ಪುಸ್ತಿಕೆಯ ಬೆನ್ನಿಗೆ ತಂತಿಯ ಪಿನ್ನು ಹೊಡೆಯುವುದಕ್ಕೂ ಸಲ್ಲುತ್ತದೆ. ಇಂದು ಕೈಚೀಲಗಳಿಗೆ ಹೆಸರಾದ ಪ್ಯಾರಿಸ್ಸಿನ ಎರ್ಮೆಸ್ 1837ರಲ್ಲಿ ಕುದುರೆಸಜ್ಜಿನ ಕಾರ್ಖಾನೆಯಾಗಿ ಆರಂಭವಾದದ್ದನ್ನು ನೆನೆದರೆ ಚೀಲದ ಹೊಲಿಗೆಗೆ ಜೀನಿನ ಹೆಸರು ಏಕೆಂಬುದು ತಿಳಿಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಸಾಲುಗಟ್ಟಿ ಸಾಗುವ ರಾವುತರ ಪಟ್ಟಿಕೆಯನ್ನು ನೋಡುವವರು ಸಾಮಾನ್ಯವಾಗಿ ಕುದುರೆಯ ನಡಿಗೆಯನ್ನು ಮೆಚ್ಚಿ ಮುಂದೆ ಹೋಗುತ್ತಾರೆ. ಆ ಕುದುರೆಗಳ ಮೈಮೇಲೆ ಬಳಪದ ಕಲ್ಲಿನಲ್ಲಿ ಕಡೆದಿರುವ ಲಗಾಮು, ಜೀನು, ಎದೆಪಟ್ಟಿಗಳ ಹಿಂದೆ ತೊಗಲಿನ ಕಸುಬುದಾರನೊಬ್ಬ ಇರಲೇಬೇಕು. ಶಿಲ್ಪಿಗಳಲ್ಲಿ ಹಲವರು ಹೊಯ್ಸಳ ಗುಡಿಗಳ ಕಲ್ಲಿನಲ್ಲಿ ಹೆಸರು ಬಿಟ್ಟುಹೋಗಿದ್ದಾರೆ, ಜೀನು ಹೊಲಿದವನಿಗೆ ಆ ಭಾಗ್ಯ ಇರಲಿಲ್ಲ.

ಆ ಕಾಲದ ಕಸುಬಿನ ಮಾತು ಉಳಿದಿರುವುದು ವಚನಕಾರರಲ್ಲಿ. ಮಾದಾರ ಚೆನ್ನಯ್ಯನ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಂಟಗಳು ಕುಳಿತಿವೆ. ಅಂಕಿತವೆಂದರೆ ವಚನಕಾರನ ಸಹಿಯಂತಿರುವ ದೈವನಾಮ; ಅದರಲ್ಲಿ ತನ್ನ ಸಲಕರಣೆಗಳನ್ನೇ ಸೇರಿಸಿಕೊಂಡ ಕವಿಯನ್ನು ಅನುವಾದಿಸುವವನಿಗೆ ನಿಘಂಟಿಗಿಂತ ಚಪ್ಪಲಿ ಹೊಲಿಯುವವನ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರುವುದು ಹೆಚ್ಚು ಉಪಕಾರಿ.

ಅರಸೀಕೆರೆಯ ಕಡೆಯ ಬಯಲುಸೀಮೆಗೆ ಬಂದರೆ ತೊಗಲಿನ ಮಾತು ಗುಡಿಯಿಂದ ಹೊಲಕ್ಕೆ ಇಳಿಯುತ್ತದೆ. ಪಂಪುಸೆಟ್ಟು ಬರುವ ಮೊದಲು ಬಯಲುಸೀಮೆಯ ಬಾವಿಗಳಿಂದ ನೀರೆತ್ತುತ್ತಿದ್ದದ್ದು ಕಪಿಲೆ: ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ತೊಗಲಿನ ದೊಡ್ಡ ಬಾನಿ ಮೇಲೇರುತ್ತದೆ, ಅದರ ಕೆಳಗಿನ ಸೊಂಡಿಲಿನಂಥ ತೊಗಲ ಕೊಳವೆಯನ್ನು ಇನ್ನೊಂದು ತೆಳುವಾದ ಹಗ್ಗ ಮಡಿಸಿ ಹಿಡಿದಿರುತ್ತದೆ, ಬಾನಿ ದಡಕ್ಕೆ ಬಂದಾಗ ಕೊಳವೆ ತಾನಾಗಿ ಬಿಚ್ಚಿಕೊಂಡು ನೀರು ಸುರಿಯುತ್ತದೆ. ಇದನ್ನು ‘ಲೆದರ್ ಬಕೆಟ್’ ಎಂದು ಬರೆದ ಅಧಿಕಾರಿಗಳ ವರದಿಗಳಲ್ಲಿ ಬಕೆಟ್ಟು ಕಾಣುತ್ತದೆ, ಯಂತ್ರ ಕಾಣುವುದಿಲ್ಲ. ಬಾನಿಯ ಜೊತೆಗೆ ಮಿಣಿ, ಬಾರುಕೋಲು, ಕುಲುಮೆಯ ತಿದಿ, ತಮಟೆ ಎಲ್ಲವೂ ಮಾದಿಗರ ಕೇರಿಯಿಂದ ಬರುತ್ತಿದ್ದವು.

ಈ ತೊಗಲನ್ನು ಹದಮಾಡುತ್ತಿದ್ದುದು ಬಯಲುಸೀಮೆಯ ಕುರುಚಲಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆಯಿಂದ. ಇಂಗ್ಲಿಷಿನ ‘ಟ್ಯಾನ್’ ಕೂಡ ಫ್ರಾನ್ಸಿನ ಕಡೆಯಿಂದ ಬಂದ, ಮೂಲದಲ್ಲಿ ಓಕ್ ಮರದ ತೊಗಟೆಯ ಪುಡಿಯನ್ನು ಹೇಳುವ ಶಬ್ದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ರೋಮಿಯಂ ಲವಣಗಳಿಂದ ಹದಮಾಡುವ ಕ್ರಮ ಹಬ್ಬಿದ ಮೇಲೆ ತೊಗಟೆಯೇ ಇಲ್ಲದ ಕೆಲಸಕ್ಕೂ ಇಂಗ್ಲಿಷು ತೊಗಟೆಯ ಹೆಸರನ್ನೇ ಹೇಳಬೇಕಾಯಿತು. ಕನ್ನಡದ ಹದಕ್ಕೆ ಈ ಇಕ್ಕಟ್ಟು ಬರಲಿಲ್ಲ, ಏಕೆಂದರೆ ಅದು ಬಳಸಿದ ವಸ್ತುವನ್ನು ಬಿಟ್ಟು ಮುಟ್ಟಬೇಕಾದ ಸ್ಥಿತಿಯನ್ನು ಹೇಳುತ್ತದೆ. ಮಣ್ಣಿಗೂ ಪಾಕಕ್ಕೂ ತೊಗಲಿಗೂ ಅದೊಂದೇ ಸಾಕು.

ಫ್ರೆಂಚ್ ಪದಗಳು ಕೆಲವೊಮ್ಮೆ ಊರನ್ನು ಹೊತ್ತು ತಿರುಗುತ್ತವೆ. ಚರ್ಮದ ಸರಕಿನ ಕಸುಬಿಗೆ ಹೇಳುವ ‘ಮಾರೊಕಿನರಿ’ಯಲ್ಲಿ ಮೊರಾಕ್ಕೊ, ಚಮ್ಮಾರನಿಗೆ ಹೇಳುವ ‘ಕೊರ್ದೊನಿಯೆ’ಯಲ್ಲಿ ಸ್ಪೇನಿನ ಕೊರ್ದೊಬಾ ಅಡಗಿವೆ, ‘ಲೆದರ್ ಗೂಡ್ಸ್’ ಎಂದೊಡನೆ ಆ ಊರು ಅಳಿಯುತ್ತದೆ. ನಮ್ಮಲ್ಲಿ ಊರು ಹೊತ್ತ ಹೆಸರು ಕೊಲ್ಲಾಪುರಿ ಚಪ್ಪಲಿ. ಅಥಣಿಯ ಕಸುಬುದಾರರೂ ಅದನ್ನು ಮಾಡುವುದರಿಂದ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಪಾದರಕ್ಷೆಗಳನ್ನು ಬರೀ ‘ಲೆದರ್ ಸ್ಯಾಂಡಲ್’ ಎಂದು ಕರೆದಾಗ ಎದ್ದ ಆಕ್ಷೇಪವೂ ವಿನ್ಯಾಸದಷ್ಟೇ ಆ ಹೆಸರನ್ನು ಕುರಿತದ್ದಾಗಿತ್ತು. ಕೊನೆಗೆ ಸಂಸ್ಥೆ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು.