ಮರೆವಿನವರಿಗಾಗಿ ಒಂದು ಊರು

ಪ್ರಶ್ನೆ: ಡಿಮೆನ್ಶಿಯಾ ಇರುವ ಹಿರಿಯರಿಗೆಂದೇ ಎಲ್ಲೋ ಒಂದು ಊರನ್ನೇ ಕಟ್ಟಿದ್ದಾರಂತೆ, ನಿಜವೇ?

ಉತ್ತರ: ನಿಜ. ನೆದರ್‌ಲ್ಯಾಂಡ್ಸ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್ ಹತ್ತಿರದ ವೇಸ್ಪ್‌ನಲ್ಲಿದೆ ಹೋಗೆವೈಕ್ ಎಂಬ ಆ ಊರು; 2009ರಲ್ಲಿ ಶುರುವಾಯಿತು. ಹೊರಬಾಗಿಲಿಗೆ ಕಾವಲಿದೆ. ಒಳಗೆ ಮಾತ್ರ ಬೀದಿ, ತೋಟ, ಚೌಕಗಳಲ್ಲಿ ಯಾರನ್ನೂ ಕೇಳದೆ ಅಡ್ಡಾಡಬಹುದು. ಆರೇಳು ಮಂದಿಗೊಂದು ಮನೆ, ಅಭಿರುಚಿ ಹೊಂದುವವರೇ ಒಟ್ಟಿಗೆ. ಅಡುಗೆ ಆಯಾ ಮನೆಯಲ್ಲೇ. ಸಾಮಾನು ತರಲು ಅಜ್ಜ ಅಜ್ಜಿಯರೂ ಸಿಬ್ಬಂದಿಯ ಜೊತೆ ಅಲ್ಲಿನ ಅಂಗಡಿಗೆ ಹೋಗುತ್ತಾರೆ. ಆರೈಕೆಯವರು ತೊಡುವುದು ಸಮವಸ್ತ್ರವಲ್ಲ, ದಿನನಿತ್ಯದ ಬಟ್ಟೆ.

ಇದೆಲ್ಲ ನಾಟಕ, ಹಿರಿಯರಿಗೆ ಮಾಡುವ ಮೋಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಹೋಟೆಲಿಗೆ ಹೊರಗಿನವರೂ ಬಂದು ಉಣ್ಣುತ್ತಾರೆ. ಅಡುಗೆಮನೆಯ ಘಮವೂ ನಿಜವಾದದ್ದೇ. ನಾವು ಗಮನಿಸಬೇಕಾದದ್ದು ಬೇರೆ: ಖರ್ಚಿನ ಬಹುಪಾಲು ಭರಿಸುವುದು ಸರ್ಕಾರದ ದೀರ್ಘಕಾಲದ ಆರೈಕೆ ವಿಮೆ. ನಮ್ಮಲ್ಲಿ ಆ ಹೊರೆ ಬಹುತೇಕ ಮನೆಯವರ ಮೇಲೇ ಬೀಳುತ್ತದೆ.