ಚಕ್ರದ ಮೇಲಿನ ಮನೆ: ಹಳೆಯ ವ್ಯಾನು ಕೊಳ್ಳುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಈಗಿನ ತರುಣ ತರುಣಿಯರು ಅದಕ್ಕೆ ಮೂರನೆಯದೊಂದನ್ನು ಸೇರಿಸಿದ್ದಾರೆ: ವ್ಯಾನು ಕೊಂಡು ನೋಡು! ಸಂಘದ ಊಟದ ಪಂಕ್ತಿಯಲ್ಲಿ ಕುಳಿತಾಗ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಳೆಯ ವ್ಯಾನೊಂದನ್ನು ಅಗ್ಗಕ್ಕೆ ಕೊಳ್ಳುವುದು, ಒಳಗೆ ಮಂಚ, ಕಪಾಟು, ಒಲೆ ಮಾಡಿಸುವುದು, ರಜೆ ಬಂದರೆ ಹಂಪಿ, ಗೋಕರ್ಣ ಎಂದು ಹೊರಟುಬಿಡುವುದು. ಹೋಟೆಲಿನ ಖರ್ಚಿಲ್ಲ, ರೈಲು ತಪ್ಪುವ ಭಯವಿಲ್ಲ. ಕೇಳಲು ಎಷ್ಟು ಸೊಗಸು!

ಆಸೆಯೇನೂ ಹೊಸದಲ್ಲ. ನಮ್ಮ ಬಂಜಾರಾ ಹಿಲ್ಸಿಗೆ ಹೆಸರು ಕೊಟ್ಟ ಲಂಬಾಣಿ ಜನ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸಂಸಾರ ಸಮೇತ ದಖ್ಖನ್ನನ್ನೆಲ್ಲ ಸುತ್ತಿದವರು. ಪಶ್ಚಿಮದ ಕಡೆ ನೋಡಿದರೆ, ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಟ್ರಕ್ಕಿನ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡು ಚಾರ್ಲಿ ಎಂಬ ನಾಯಿಯೊಡನೆ ದೇಶ ನೋಡಲು ಹೊರಟ. ಆ ಬಂಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಇಟ್ಟಿದ್ದ. ಆದರೆ ಅವನದು ಹೊಚ್ಚ ಹೊಸ ಟ್ರಕ್ಕು. ನೀವು ಕೊಳ್ಳಹೊರಟಿರುವುದು ಇನ್ನೊಬ್ಬರು ಓಡಿಸಿ ಬಿಟ್ಟದ್ದು. ಆದ್ದರಿಂದಲೇ ಈ ನಾಲ್ಕು ಮಾತು. ಒಳಗಿನ ಅಲಂಕಾರಕ್ಕೆ ಮರುಳಾಗದೆ ಮೊದಲು ಕಾಗದ, ಆಮೇಲೆ ಒಡಲು, ಕೊನೆಗೆ ಅಲಂಕಾರ ಎಂಬ ಕ್ರಮದಲ್ಲಿ ನೋಡಿದರೆ ಕೈಯ ದುಡ್ಡೂ ಉಳಿದೀತು, ಜೀವವೂ ಉಳಿದೀತು.

ಯಾವ ಬಂಡಿ?

ನಮ್ಮ ಕಡೆ ಸಿಗುವವು ಮುಖ್ಯವಾಗಿ ಮೂರು ಬಗೆ. ಒಂದು, ಮಾರುತಿ ಓಮ್ನಿ. 1984ರಲ್ಲಿ ಬಂದು 2019ರಲ್ಲಿ ನಿಂತುಹೋಯಿತು. ಬೆಲೆ ಕಡಿಮೆ, ರಿಪೇರಿ ಬಲ್ಲವರು ಹಳ್ಳಿಯಲ್ಲೂ ಇದ್ದಾರೆ. ಆದರೆ ಚಾಲಕನ ಮುಂದೆ ಬಾನೆಟ್ಟಿನ ರಕ್ಷಣೆಯಿಲ್ಲ, ಡಿಕ್ಕಿಯಾದರೆ ಮೊದಲ ಏಟು ಮೊಣಕಾಲಿಗೇ. ಎರಡು, 2010ರಲ್ಲಿ ಬಂದ ಈಕೋ. ಇದರ ಎಂಜಿನ್ನು ದೊಡ್ಡದು, ಉದ್ದವೂ ಸ್ವಲ್ಪ ಹೆಚ್ಚು. ಮೂರು, ಟೆಂಪೋ ಟ್ರಾವೆಲರ್. ಮೆಟಡಾರ್ ತಯಾರಿಸುತ್ತಿದ್ದ ಬಜಾಜ್ ಟೆಂಪೋ ಕಂಪನಿಯದು. 2005ರಿಂದ ಆ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್. ಎತ್ತರದ ಛಾವಣಿಯ ಟ್ರಾವೆಲರಿನಲ್ಲಿ ನಿಂತು ಸೀರೆ ಉಡಬಹುದು. ಓಮ್ನಿಯಲ್ಲಿ ಕುಳಿತೇ ಎಲ್ಲವೂ ಆಗಬೇಕು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಅಳತೆಯ ಟೇಪು ಹಿಡಿದುಕೊಂಡೇ ಹೋಗಿ. ಹಿಂದಿನ ಆಸನ ಮಡಚಲು ಬರುತ್ತದೆಯೇ, ಮಡಚಿದ ಮೇಲೆ ಎಷ್ಟು ನೆಲ ಸಿಗುತ್ತದೆ ಎಂದು ಅಳೆಯಿರಿ. ಅಲ್ಲಿಯೇ ಹತ್ತು ನಿಮಿಷ ಮಲಗಿ ನೋಡಿ. ಮಾರುವವರು ನಕ್ಕರೆ ನಗಲಿ. ಅಪ್ಪ ಅಮ್ಮನನ್ನೂ ಕರೆದೊಯ್ಯುವ ಯೋಚನೆಯಿದ್ದರೆ ಅವರ ಮೊಣಕಾಲು ಆ ಮೆಟ್ಟಿಲು ಹತ್ತೀತೇ ಎಂಬುದನ್ನೂ ನೋಡಿಕೊಳ್ಳಿ.

ಕಾಗದ ಪತ್ರ

ಬೀದರಿನ ಕೆ.ಎ. 38, ಕಲಬುರಗಿಯ ಕೆ.ಎ. 32 ಎಂಬ ನಂಬರು ಕಂಡರೆ ನಮಗೆ ತವರಿನ ನೆಂಟರನ್ನು ಕಂಡ ಹಾಗೆ. ಆದರೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ತೆಲಂಗಾಣದ ಹೊಸ ನಂಬರು ಪಡೆಯಲೇಬೇಕು. ಅದಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅಲ್ಲಿನ ಅಗ್ಗದ ಬೆಲೆಗೆ ಇವನ್ನೆಲ್ಲ ಕೂಡಿಸಿಯೇ ಲೆಕ್ಕ ಹಾಕಿ. ಬ್ಯಾಂಕಿನ ಸಾಲ ತೀರಿದೆಯೇ, ದಂಡದ ಚಲನ್‌ಗಳು ಬಾಕಿ ಇವೆಯೇ ಎಂದೂ ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ 5 ವರ್ಷ ನವೀಕರಣ. ಕೊಂಡ 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಇನ್ನು ಬಹು ಮುಖ್ಯವಾದ ಮಾತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಕ್ಯಾರವಾನುಗಳಿಗೆಂದೇ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವಿದೆ. ಆದ್ದರಿಂದ ಮಂಚ, ಒಲೆ ಎಲ್ಲ ಕೂಡಿಸಿ ಮುಗಿಸಿದ ವ್ಯಾನು ಮಾರಾಟಕ್ಕೆ ಬಂದರೆ ಪರದೆಯ ಬಣ್ಣ ನೋಡುವ ಮೊದಲು ನೋಂದಣಿ ಪತ್ರ ಕೇಳಿ. ಅದರಲ್ಲಿ ಇನ್ನೂ ಆಂಬುಲೆನ್ಸ್ ಎಂದೋ ಸರಕು ವಾಹನ ಎಂದೋ ಇದ್ದರೆ ದೂರದಿಂದಲೇ ನಮಸ್ಕಾರ ಹೇಳಿ. ಹಳದಿ ಬೋರ್ಡಿನ ಟ್ರಾವೆಲರ್ ಆದರೆ ಪರ್ಮಿಟ್ ಹಿಂದಿರುಗಿಸಿ ಖಾಸಗಿ ವಾಹನವಾಗಿ ಬದಲಿಸಿಕೊಡುವ ಹೊಣೆ ಮಾರುವವರದೋ ನಿಮ್ಮದೋ ಎಂದು ಮೊದಲೇ ಬರವಣಿಗೆಯಲ್ಲಿ ಇರಲಿ.

ಒಡಲ ಪರೀಕ್ಷೆ

ಎಂಜಿನ್ನು ಕೆಟ್ಟರೆ ಸರಿಮಾಡಬಹುದು. ತುಕ್ಕು ತಿಂದ ಒಡಲನ್ನು ಸರಿಮಾಡುವುದು ಕಷ್ಟ. ಮ್ಯಾಟು ಎತ್ತಿ ನೆಲ ನೋಡಿ. ಜಾರುವ ಬಾಗಿಲಿನ ಕೆಳಗೆ, ಚಕ್ರದ ಕಮಾನಿನಲ್ಲಿ, ಛಾವಣಿಯ ಅಂಚಿನಲ್ಲಿ ಬೆರಳಾಡಿಸಿ. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ತಗಡಿಗೆ ಅದು ಅಂಟುತ್ತದೆ, ತಗಡಿನ ಮೇಲೆ ದಪ್ಪಗೆ ಮೆತ್ತಿದ ಪಟ್ಟಿಗೆ ಅಂಟುವುದಿಲ್ಲ. ಒಂದು ಬಕೆಟ್ಟು ನೀರನ್ನು ಮೇಲೆ ಸುರಿಸಿ, ನೀವು ಒಳಗೆ ಕುಳಿತುಕೊಳ್ಳಿ. ಹಸಿಯಾದ ಅಕ್ಕಿ ಮೂಟೆಯ ವಾಸನೆ ನಮ್ಮ ಹೆಂಗಸರಿಗೆ ಗೊತ್ತು. ಆ ವಾಸನೆ ವ್ಯಾನಿನಲ್ಲಿ ಬಂದರೆ ಎಲ್ಲೋ ನೀರು ಸೋರುತ್ತಿದೆ ಎಂದೇ ಅರ್ಥ.

2020ರ ಅಕ್ಟೋಬರಿನ ಮಹಾಮಳೆಯಲ್ಲಿ ನಮ್ಮ ನಗರದ ಎಷ್ಟೋ ವಾಹನಗಳು ನೀರಿನಲ್ಲಿ ಮುಳುಗಿದ್ದವು. ಅಂಥವನ್ನು ತೊಳೆದು ಬಣ್ಣ ಹೊಡೆದು ಮಾರುವವರೂ ಇರುತ್ತಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಮುಂದೆ ಮಾತೇ ಬೇಡ.

ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗಲೇ ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬಂದರೆ ತಂಪಿನ ನೀರು ಒಳಗೆ ಸೇರುತ್ತಿದೆ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ನೊರೆ ಕಂಡರೂ ಅದೇ ಅನುಮಾನ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೀಟರು 40 ಸಾವಿರ ಕಿಲೋಮೀಟರು ತೋರಿಸುತ್ತದೆ, ಬ್ರೇಕಿನ ಪೆಡಲು ಮಾತ್ರ ಸವೆದು ನುಣ್ಣಗಾಗಿದೆ ಎಂದರೆ ಪೆಡಲನ್ನು ನಂಬಿ. ಇಷ್ಟೆಲ್ಲ ನೋಡಿದ ಮೇಲೂ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸಿ.

ಉಸಿರಿನ ವಿಷಯ

2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿತ್ತೆಂದು ತನಿಖೆಯಲ್ಲಿ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಎಬ್ಬಿಸುವುದೂ ಇಲ್ಲ. ಹೈದರಾಬಾದಿನ ಮೇ ತಿಂಗಳ ಸೆಕೆಗೆ ಎಂಜಿನ್ನು ಚಾಲೂ ಇಟ್ಟು ಎ.ಸി. ಹಾಕಿಕೊಂಡು ಮಲಗುವ ಯೋಚನೆ ಖಂಡಿತ ಬೇಡ. ಕೊಳ್ಳುವಾಗಲೇ ನೆಲದಲ್ಲಿ ತೂತುಗಳಿವೆಯೇ, ಹೊಗೆ ಕೊಳವೆ ಒಡೆದಿದೆಯೇ, ಗಾಳಿಯಾಡಲು ಕಿಟಕಿ ತೆರೆಯುತ್ತದೆಯೇ ನೋಡಿ. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಯಂತ್ರ ಸಿಗುತ್ತದೆ, ಅದನ್ನು ಮರೆಯದೆ ಇಟ್ಟುಕೊಳ್ಳಿ. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ, ಅಂದರೆ ನಿಮ್ಮ ಹಾಸಿಗೆಯ ಮಟ್ಟದಲ್ಲೇ, ನಿಲ್ಲುತ್ತದೆ. ಅಡಿಗೆ ಏನಿದ್ದರೂ ಹೊರಗೆ, ಮರದ ನೆರಳಿನಲ್ಲಿ ಆಗಲಿ.

ಬಂಡಿ ಹಾಗೇ ಇರಲಿ

ಹಾಗಾದರೆ ಮನೆ ಮಾಡುವುದು ಹೇಗೆ? ನನ್ನ ಸಲಹೆ ಸರಳ. ವ್ಯಾನನ್ನು ಕೊಯ್ಯಬೇಡಿ, ಸಂಸಾರವನ್ನು ಅದಕ್ಕೆ ಹೊಂದಿಸಿ. ನಮ್ಮ ತಂದೆ ತಾಯಿ ರೈಲಿನಲ್ಲಿ ಊರಿಗೆ ಹೊರಟರೆ ಒಂದು ಹೋಲ್ಡಾಲು, ಒಂದು ಟ್ರಂಕು, ತಿರುಗಿಸುವ ಮುಚ್ಚಳದ ಕೂಜಾ, ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರು. ಎಲ್ಲಿ ಬಿಚ್ಚಿದರೆ ಅಲ್ಲೇ ಮನೆ. ಹಾಗೆಯೇ ಎತ್ತಿಡಬಹುದಾದ ಹಲಗೆ, ಹತ್ತಿಯ ಹಾಸಿಗೆ, ಎರಡು ಟ್ರಂಕು, ಸೊಳ್ಳೆ ಪರದೆ ಸಾಕು. ಊರಿಗೆ ಬಂದ ಮೇಲೆ ಇಳಿಸಿದರೆ ಅದು ಮತ್ತೆ ವ್ಯಾನೇ. ಕಾನೂನಿಗೂ ತೊಡಕಿಲ್ಲ, ಮುಂದೆ ಮಾರುವಾಗ ನಷ್ಟವೂ ಕಡಿಮೆ. ತೂಕವೂ ನೆನಪಿರಲಿ: 100 ಲೀಟರು ನೀರೆಂದರೆ 100 ಕಿಲೋ. ಅದನ್ನು ಛಾವಣಿಯ ಮೇಲೆ ಹೇರಿದರೆ ತಿರುವಿನಲ್ಲಿ ಬಂಡಿ ವಾಲುತ್ತದೆ.

ಕೊಳ್ಳುವ ಮುನ್ನ ಅಂಥದೇ ವ್ಯಾನೊಂದನ್ನು ಎರಡು ದಿನಕ್ಕೆ ಬಾಡಿಗೆಗೆ ಪಡೆಯಿರಿ. ಜಹೀರಾಬಾದಿನ ಮೇಲೆ ಬೀದರಿಗೆ ಸುಮಾರು 140 ಕಿಲೋಮೀಟರು. ಇಲ್ಲವೇ ತಾಂಡೂರು, ಸೇಡಂ ದಾರಿಯಲ್ಲಿ ಮಳಖೇಡಕ್ಕೆ ಹೋಗಿ. ಕಾಚಿಗುಡದ ಶಾಲೆಯ ಹೆಸರಿನಲ್ಲಿ ನೃಪತುಂಗನನ್ನು ಕೇಳಿ ಬೆಳೆದವರು ನೀವು. ಅವನ ರಾಜಧಾನಿ ಮಾನ್ಯಖೇಟ ಇದೇ, ಕಾಗಿಣಾ ನದಿಯ ದಂಡೆಯ ಮೇಲೆ. ಸುರಕ್ಷಿತ ಜಾಗದಲ್ಲಿ, ಕೇಳಿ ಒಪ್ಪಿಗೆ ಪಡೆದು, ಒಂದು ರಾತ್ರಿ ವ್ಯಾನಿನಲ್ಲಿ ಮಲಗಿ. ಸೆಕೆ, ಸೊಳ್ಳೆ, ಶೌಚಾಲಯದ ಹುಡುಕಾಟ, ಲಾರಿಗಳ ಹಾರ್ನು ಎಲ್ಲವನ್ನೂ ಅನುಭವಿಸಿ ಬೆಳಿಗ್ಗೆ ಎದ್ದಾಗ "ಇನ್ನೊಂದು ದಿನ ಇರೋಣ" ಎನ್ನಿಸಿದರೆ, ಆಗ ಧಾರಾಳವಾಗಿ ವ್ಯಾನು ಹುಡುಕಿ. ಅಪ್ಪ ಅಮ್ಮನಿಗೂ ಒಂದು ದಿಂಬು ಇಡಿ. ನಿಮ್ಮ ಪ್ರಯಾಣ ಸುಖಕರವಾಗಲಿ.