ಎರೆಮೀನು: ವಿಟ್ಬಿಯ ಹೊಳೆಯಲ್ಲಿ ಬೋನು ಇಡುವ ಮುಂಚೆ

 

ಇವತ್ತಿನ ವಿಷಯ ಎರೆಮೀನು. ಅಂದ್ರೆ ದೊಡ್ಡ ಮೀನು ಹಿಡಿಯೋಕೆ ಗಾಳಕ್ಕೆ ಸಿಕ್ಕಿಸುವ ಸಣ್ಣ ಜೀವಂತ ಮೀನು. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತೆ. ಆದರೆ ಟೊರೊಂಟೊ ಪಕ್ಕದ ವಿಟ್ಬಿಯಲ್ಲಿ ಇರೋರಿಗೆ ಊರೊಳಗೇ ಲಿಂಡ್ ಕ್ರೀಕ್, ಪ್ರಿಂಗಲ್ ಕ್ರೀಕ್ ಹರಿಯುತ್ತವೆ, ದಕ್ಷಿಣಕ್ಕೆ ಒಂಟಾರಿಯೊ ಸರೋವರವೇ ಇದೆ. ದುಡ್ಡು ಕೊಟ್ಟು ಯಾಕೆ ತರಬೇಕು, ನಾವೇ ಹಿಡೀಬಹುದಲ್ವಾ ಅನ್ನೋದು ನ್ಯಾಯವಾದ ಪ್ರಶ್ನೆ. ಹಿಡೀಬಹುದು. ಆದರೆ ಉತ್ತರ ಅಷ್ಟಕ್ಕೇ ಮುಗಿಯಲ್ಲ.

ಮೊದಲಿಗೆ ಒಂದು ಮಾತು. ಬೋನಿಗೆ ಬೀಳುವ ಸಣ್ಣ ಮೀನು ಅಂದ ತಕ್ಷಣ ಯಾವುದೋ ದೊಡ್ಡ ಮೀನಿನ ಮರಿ ಅಂದ್ಕೋಬೇಡಿ. ಫ್ಯಾಟ್‌ಹೆಡ್ ಮಿನ್ನೋ, ಎಮರಾಲ್ಡ್ ಶೈನರ್ ಇವೆಲ್ಲ ಬೆರಳುದ್ದ ಬೆಳೆದರೆ ಅದೇ ಅವುಗಳ ಪೂರ್ಣ ವಯಸ್ಸು. ನಮ್ಮೂರ ಕೆರೆಯ ಸಣ್ಣ ಮೀನುಗಳಿದ್ದ ಹಾಗೆ ಅವಕ್ಕೂ ಅವುಗಳದ್ದೇ ಸಂಸಾರ ಇದೆ.

ಈಗ ಸಲಕರಣೆಗೆ ಬರೋಣ. ಕರ್ನಾಟಕದಲ್ಲಿ ಬೆಳೆದವರಿಗೆ ಸಣ್ಣ ಮೀನು ಅಂದ್ರೆ ಬೀಸುಬಲೆ ನೆನಪಾಗುತ್ತೆ. ಒಂಟಾರಿಯೊದಲ್ಲಿ ಎರೆಮೀನಿಗೆ ಅದು ನಡೆಯಲ್ಲ. ಮನರಂಜನೆಗೆ ಮೀನು ಹಿಡಿಯುವ ಪರವಾನಗಿದಾರರಿಗೆ, ಅದೂ ಪ್ರಾಂತ್ಯದ ನಿವಾಸಿಗಳಿಗೆ, ಇರುವ ದಾರಿ ಎರಡೇ. ಒಂದು, ಕೈಬಲೆ. ಚೌಕವಾಗಿದ್ದರೆ ಪ್ರತಿ ಬದಿ, ದುಂಡಗಿದ್ದರೆ ವ್ಯಾಸ, 183 ಸೆಂಟಿಮೀಟರ್ ದಾಟಬಾರದು. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಬಳಸಬೇಕು. ಇನ್ನೊಂದು, ಬೋನು. ಉದ್ದ 51, ಅಗಲ 31 ಸೆಂಟಿಮೀಟರ್ ಒಳಗೆ. ಇದನ್ನ ರಾತ್ರಿಯೂ ಇಡಬಹುದು, ಆದರೆ ಮೇಲೆ ನಿಮ್ಮ ಹೆಸರು, ವಿಳಾಸ ಸ್ಪಷ್ಟವಾಗಿ ಇರಲೇಬೇಕು. ಕೊಂಡಿದ್ದು, ಹಿಡಿದಿದ್ದು ಎಲ್ಲ ಸೇರಿ ನಿಮ್ಮ ಹತ್ತಿರ 120ಕ್ಕಿಂತ ಹೆಚ್ಚು ಎರೆಮೀನು ಇರಬಾರದು.

ಎರಡರಲ್ಲಿ ನಮ್ಮ ಮತ ಬೋನಿಗೇ. ಕೈಬಲೆಗೆ ಕಣ್ಣಿಗೆ ಕಾಣುವ ಗುಂಪು ಬೇಕು, ತಾಳ್ಮೆ ಬೇಕು, ಮೇಲಾಗಿ ಮೀನು ಬಲೆಗೆ ಉಜ್ಜಿ ಮೈಮೇಲಿನ ಲೋಳೆ ಕಳಕೊಳ್ಳುತ್ತೆ. ಆ ಲೋಳೆಯೇ ಅದಕ್ಕೆ ಸೋಂಕಿನ ವಿರುದ್ಧ ಮೊದಲ ರಕ್ಷಣೆ. ಬಲೆಯೇ ಬೇಕು ಅಂದ್ರೆ ಗಂಟಿಲ್ಲದ ನುಣುಪು ನೂಲಿನದು ತಗೊಳ್ಳಿ, ಮೀನು ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ.

ಬೋನು ಕೆಲಸ ಮಾಡೋ ರೀತಿ ಮಲೆನಾಡಿನವರಿಗೆ ಹೊಸದಲ್ಲ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಹಿಡಿಯೋಕೆ ಬಿದಿರಿನ ಕೂಣಿ ಇಡ್ತಾರಲ್ಲ, ಕೆಲವು ಕಡೆ ಕೂಳಿ ಅಂತಾರೆ, ಅದೇ ತತ್ವ. ಬಾಯಿ ಅಗಲ, ಒಳಗೆ ಹೋಗ್ತಾ ಹೋಗ್ತಾ ಕಿರಿದು. ಮೀನು ಸಲೀಸಾಗಿ ಒಳಗೆ ಬರುತ್ತೆ. ಹೊರಗೆ ಹೋಗೋ ತೂತು ಅಲ್ಲೇ ಇದ್ದರೂ ಅದಕ್ಕೆ ಸಿಗಲ್ಲ. ಯಾಕೆ? ಸಿಕ್ಕಿಬಿದ್ದ ಮೀನು ಗೋಡೆಗುಂಟ ಸುತ್ತುತ್ತೆ. ಆಲಿಕೆಯ ತುದಿ ಮಾತ್ರ ಗೋಡೆಯಿಂದ ದೂರ, ನಡುವಿನಲ್ಲಿ ತೇಲಿಕೊಂಡಿರುತ್ತೆ. ಬಾಗಿಲಿಗೆ ಬೀಗ ಬೇಡ, ಬಾಗಿಲು ಹುಡುಕದ ಜಾಗದಲ್ಲಿದ್ದರೆ ಸಾಕು.

ಒಳಗೆ ಬ್ರೆಡ್ಡಿನ ತುಂಡು ಸಾಕು. ನೀರು ನಿಧಾನವಾಗಿರುವ, ಗಿಡದ ಬೇರೋ ಬಂಡೆಯೋ ಇರುವ ಅಂಚಿನಲ್ಲಿ, ಬೋನಿನ ಬಾಯಿ ಹರಿವಿನ ದಿಕ್ಕಿಗೆ ಸರಿಯಾಗಿ ಇರುವಂತೆ ಇಡಿ. ವಾಸನೆ ಕೆಳಗೆ ಹರಿದು ಹೋಗುತ್ತೆ, ಮೀನು ಅದರ ಜಾಡು ಹಿಡಿದು ಮೇಲಕ್ಕೆ ಬರುತ್ತೆ.

ಇಲ್ಲೊಂದು ಸ್ವಾರಸ್ಯ. ಜೇನುಹುಳದ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಹೆಸರು ಕೇಳಿರ್ತೀರಿ. ಅವರೇ 1938ರಲ್ಲಿ ಮಿನ್ನೋಗಳ ಬಗ್ಗೆ ಒಂದು ಸಂಗತಿ ಬರೆದರು. ಗಾಯಗೊಂಡ ಒಂದು ಮೀನನ್ನ ಗುಂಪಿಗೆ ವಾಪಸ್ ಬಿಟ್ಟರೆ ಉಳಿದವೆಲ್ಲ ಹೆದರಿ ಓಡ್ತಾವೆ. ಕಾರಣ ನೋಟ ಅಲ್ಲ, ವಾಸನೆ. ಮಿನ್ನೋ ಚರ್ಮ ಹರಿದಾಗ ಅದರ ಕೆಲವು ಜೀವಕೋಶಗಳಿಂದ ಎಚ್ಚರಿಕೆಯ ರಾಸಾಯನಿಕ ನೀರಿಗೆ ಸೇರುತ್ತೆ. ಮುಂದೆ ಕೆನಡಾದಲ್ಲೇ, ಸಸ್ಕಾಚೆವಾನ್‌ನ ಸಂಶೋಧಕರು ಈ ರಾಸಾಯನಿಕ ಹಾಕಿದ ಬೋನು, ಹಾಕದ ಬೋನು ಎರಡನ್ನೂ ಇಟ್ಟು ನೋಡಿದರು. ಹಾಕಿದ್ದರ ಹತ್ತಿರ ಫ್ಯಾಟ್‌ಹೆಡ್ ಮಿನ್ನೋಗಳು ಸುಳಿಯೋದು ಕಡಿಮೆಯಾಯ್ತು. ಹಾಗಾಗಿ ಚೂಪು ತಂತಿ ಎದ್ದಿರುವ ಹಳೇ ಬೋನು, ಸತ್ತು ಜಜ್ಜಿಹೋದ ಮೀನು ಒಳಗೇ ಬಿಟ್ಟ ಬೋನು ಇವೆರಡೂ "ಇಲ್ಲಿ ಬರಬೇಡಿ" ಅನ್ನೋ ಬೋರ್ಡು ತಗುಲಿಸಿದ ಹಾಗೆ. ಬೇಗ ಬೇಗ ಹೋಗಿ ಖಾಲಿ ಮಾಡಿ, ತೊಳೆದು ಇಡಿ.

ಹಿಡಿದ ಮೇಲೆ ಬದುಕಿಸೋದು ಬೇರೆಯೇ ವಿದ್ಯೆ. 5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 12.8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ. 25 ಡಿಗ್ರಿಯಲ್ಲಿ ಅದು 8.3ಕ್ಕೆ ಇಳಿಯುತ್ತೆ. ಅದೇ ಹೊತ್ತಿಗೆ ಮೀನಿನ ಬೇಡಿಕೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಪೂರೈಕೆ ಮೂರನೇ ಒಂದು ಭಾಗ ಕಡಿಮೆ, ಖರ್ಚು ನಾಲ್ಕು ಪಟ್ಟು. ಜುಲೈ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿಟ್ಟ ಬಕೆಟ್ಟಿನ ಕತೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಬ್ಯಾಟರಿಯ ಗಾಳಿ ಪಂಪು, ನೀರು ತುಂಬಿ ಹೆಪ್ಪುಗಟ್ಟಿಸಿದ ಒಂದು ಬಾಟಲಿ, ಕಡಿಮೆ ಮೀನು. ನಲ್ಲಿ ನೀರು ಹಾಕಬೇಡಿ, ಕ್ಲೋರಿನ್ ಕಿವಿರನ್ನೇ ಸುಡುತ್ತೆ.

ಈಗ ನಮ್ಮನ್ನ ನಿಜವಾಗಿ ಕಾಡುವ ವಿಷಯ. ಬೋನಿಗೆ ಬಿದ್ದಿದ್ದು ಏನು ಅಂತ ಗುರುತಿಸೋಕೆ ಬರುತ್ತಾ?

ಲಿಂಡ್ ಕ್ರೀಕ್ ರೆಡ್‌ಸೈಡ್ ಡೇಸ್ ಅನ್ನೋ ಮೀನಿನ ನೆಲೆಗಳಲ್ಲಿ ಒಂದು. ಬೆರಳುದ್ದದ ಮೀನು. ಪಕ್ಕೆಯ ಮುಂಭಾಗದಲ್ಲಿ ಕೆಂಪು ಪಟ್ಟೆ, ಅದರ ಮೇಲೆ ಹಳದಿ ಗೆರೆ, ಮೇಲ್ಮುಖವಾದ ದೊಡ್ಡ ಬಾಯಿ. ನೀರಿನಿಂದ ಚಿಮ್ಮಿ ಗಾಳಿಯಲ್ಲಿ ಹಾರುವ ಹುಳ ಹಿಡಿದು ತಿನ್ನುತ್ತೆ! ತಂಪಾದ ತಿಳಿನೀರು, ದಡದಿಂದ ಬಾಗಿದ ಹುಲ್ಲು ಇಲ್ಲದಿದ್ದರೆ ಇದಕ್ಕೆ ಬಾಳಿಲ್ಲ. ಟೊರೊಂಟೊ ಸುತ್ತ ಬಡಾವಣೆಗಳು ಹಬ್ಬಿದ ಹಾಗೆ ಇದು ಹೊಳೆಯಿಂದ ಹೊಳೆಗೆ ಮಾಯವಾಗ್ತಾ ಬಂತು. ಒಂಟಾರಿಯೊ 2009ರಲ್ಲಿ, ಕೆನಡಾ ಸರ್ಕಾರ 2017ರಲ್ಲಿ ಇದನ್ನ ಅಳಿವಿನಂಚಿನ ಪ್ರಭೇದ ಅಂತ ಪಟ್ಟಿಗೆ ಸೇರಿಸಿದವು. ಕಾಮನ್ ಶೈನರ್, ಕ್ರೀಕ್ ಚಬ್ ಜೊತೆ ಒಂದೇ ಬಕೆಟ್ಟಿನಲ್ಲಿದ್ದರೆ ಹೊಸಬರಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದ್ದರಿಂದ ನಾವು ನೇರವಾಗಿ ಹೇಳ್ತೀವಿ: ಲಿಂಡ್ ಕ್ರೀಕಿನ ಮೇಲ್ಭಾಗದ ತಂಪು ಕವಲುಗಳಲ್ಲಿ ಬೋನು ಬೇಡವೇ ಬೇಡ. ಬೇರೆ ಕಡೆಯೂ ಜಾಗದ ಸ್ವಂತ ನಿಯಮ ಏನಿದೆ ಅಂತ ಮೊದಲೇ ವಿಚಾರಿಸಿ.

ಸರೋವರದ ಕಡೆ ತೊಂದರೆ ಉಲ್ಟಾ. ಅಲ್ಲಿ ಬರೋದು ರೌಂಡ್ ಗೋಬಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯ ಮೀನು. 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಸಿಕ್ಕಿ, ಮಹಾಸರೋವರಗಳಿಗೆಲ್ಲ ಹಬ್ಬಿತು. ಸ್ಥಳೀಯ ಸ್ಕಲ್ಪಿನ್ ತರಾನೇ ಕಾಣುತ್ತೆ. ತಿರುಗಿಸಿ ಹೊಟ್ಟೆ ನೋಡಿ: ಸ್ಕಲ್ಪಿನ್‌ಗೆ ಎರಡು ಬೇರೆ ಬೇರೆ ರೆಕ್ಕೆ, ಗೋಬಿಗೆ ಅವೆರಡೂ ಕೂಡಿ ಒಂದು ಬಟ್ಟಲಿನ ಹಾಗೆ. ಗೋಬಿಯನ್ನ ಎರೆಯಾಗಿ ಬಳಸೋದು ಕಾನೂನುಬಾಹಿರ, ಜೀವಂತವಾಗಿ ಇಟ್ಕೊಳ್ಳೋದೂ ಅಷ್ಟೇ. ವಾಪಸ್ ನೀರಿಗೂ ಬಿಡಬಾರದು, ಅಲ್ಲೇ ಕೊಲ್ಲಬೇಕು.

ಸಾಗಿಸೋದಕ್ಕೂ ಗಡಿ ಇದೆ. ವಿಎಚ್‌ಎಸ್ ಅನ್ನೋ ವೈರಸ್ಸು 2005ರಲ್ಲಿ ಒಂಟಾರಿಯೊ ಸರೋವರದ ಕ್ವಿಂಟೆ ಕೊಲ್ಲಿಯಲ್ಲಿ ಮೀನುಗಳನ್ನ ಕೊಂದಿತ್ತು. ಅದು ಬಕೆಟ್ಟಿನ ನೀರಿನಲ್ಲೇ ಪ್ರಯಾಣ ಮಾಡಬಲ್ಲದು. 2022ರ ಜನವರಿ 1ರಿಂದ ಪ್ರಾಂತ್ಯವನ್ನ 4 ಎರೆ ವಲಯಗಳಾಗಿ ಹಂಚಿದ್ದಾರೆ. ವಿಟ್ಬಿ ಇರೋದು ದಕ್ಷಿಣ ವಲಯದಲ್ಲಿ. ರಜೆಗೆ ಉತ್ತರಕ್ಕೆ ಹೋಗ್ತಾ ಇಲ್ಲಿನ ಎರೆಮೀನನ್ನ ಜೀವಂತವಾಗಲಿ ಸತ್ತದ್ದಾಗಲಿ ಇನ್ನೊಂದು ವಲಯಕ್ಕೆ ಒಯ್ಯುವ ಹಾಗಿಲ್ಲ. ಅಲ್ಲೇ ಕೊಂಡು, ರಸೀದಿ ಇಟ್ಕೊಳ್ಳಿ.

ಸಂಜೆ ಬಕೆಟ್ಟಿನಲ್ಲಿ ಹತ್ತು ಮೀನು ಉಳಿದವು ಅನ್ನಿ. ಪಾಪ ಅಂತ ಹೊಳೆಗೆ ಬಿಡೋಕೆ ಮನಸ್ಸಾಗುತ್ತೆ, ನಮ್ಮವರಿಗಂತೂ ಇನ್ನೂ ಜಾಸ್ತಿ. ಬಿಡಬೇಡಿ. ಬಕೆಟ್ಟಿನ ಮೀನಾಗಲಿ ನೀರಾಗಲಿ ಯಾವುದೇ ಹೊಳೆ ಸರೋವರಕ್ಕೆ, ಅದರ 30 ಮೀಟರ್ ಒಳಗೆ, ಸುರಿಯುವಂತಿಲ್ಲ. ನೀರನ್ನ ದೂರದ ಒಣ ನೆಲಕ್ಕೆ ಚೆಲ್ಲಿ, ಮೀನನ್ನ ಕಸಕ್ಕೆ ಹಾಕಿ. ಅದು ಬೇಡ ಅನಿಸಿದರೆ ಬೆಳಿಗ್ಗೆ ಬೋನು ಎತ್ತಿದಾಗಲೇ ಬೇಕಾದಷ್ಟು ಎಣಿಸಿಕೊಂಡು, ಉಳಿದ ಸ್ಥಳೀಯ ಮೀನುಗಳನ್ನ ಬಕೆಟ್ಟಿಗೆ ಹಾಕದೆ ಅಲ್ಲೇ, ಅದೇ ನೀರಿಗೆ ಬಿಟ್ಟುಬಿಡಿ.